ಜೇಬು ಬಿಡದ ಹುಡುಗ: ಮೈನರ್ಸ್‌ವಿಲ್‌ನ ಪ್ರತಿಜ್ಞೆ ಪ್ರಕರಣ

ಶಾಲೆಯ ಪ್ರತಿಜ್ಞೆ ಅಂದರೆ ನನಗೆ ಮೊದಲು ನೆನಪಾಗುವುದು ಕೈನೋವು. ಬಲಗೈ ನೇರ ಮುಂದಕ್ಕೆ ಚಾಚಿ ನಿಲ್ಲಬೇಕಿತ್ತು. ಮುಂದೆ ನಿಂತವನು 'ಭಾರತ ನನ್ನ ದೇಶ' ಅಂತ ಶುರು ಮಾಡುತ್ತಿದ್ದ. ನಾವು ರಾಗ ಎಳೆದು ಒಪ್ಪಿಸುತ್ತಿದ್ದೆವು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಕೈ ತಾನಾಗಿ ಇಳಿಯುತ್ತಿತ್ತು. ಮುಂದಿದ್ದವನ ಹೆಗಲಿಗೆ ಬೆರಳ ತುದಿ ತಾಗಿಸಿಕೊಂಡರೆ ಸ್ವಲ್ಪ ಆರಾಮ. 'ವೈವಿಧ್ಯಮಯ ಪರಂಪರೆ' ಬಂದಾಗ ಅರ್ಧ ಜನ ಅದನ್ನು ನುಂಗಿಬಿಡುತ್ತಿದ್ದರು. ಅದರ ಅರ್ಥ ಗೊತ್ತಾ ಅಂತ ಮೇಷ್ಟ್ರು ಕೇಳಲಿಲ್ಲ, ಏನು ಅಂತ ನಾವೂ ಕೇಳಲಿಲ್ಲ. ನಾನು ಇದನ್ನು ಹೇಳಲ್ಲ ಅಂತ ಯಾರಾದರೂ ಅಂದಿದ್ದರೆ ಏನಾಗುತ್ತಿತ್ತು? ಅಂಥ ಯೋಚನೆ ನಮ್ಮಲ್ಲಿ ಒಬ್ಬರ ತಲೆಗೂ ಬಂದಿರಲಿಕ್ಕಿಲ್ಲ.

ಅಮೆರಿಕದ ಒಬ್ಬ ಹತ್ತು ವರ್ಷದ ಹುಡುಗನಿಗೆ ಬಂತು. 1935ರ ಅಕ್ಟೋಬರ್ 22ರಂದು ಅವನು ಕೈ ಎತ್ತಲಿಲ್ಲ. ಅವತ್ತು ಎದ್ದ ಜಗಳ ತೀರಲು ಎಂಟು ವರ್ಷ ಬೇಕಾಯಿತು. ಅರ್ಧ ಶತಮಾನದ ನಂತರ ಅದರ ಎಳೆ ಕೇರಳದ ಒಂದು ಶಾಲೆಗೂ ತಲುಪಿತು. ಮಕ್ಕಳಿಂದ ದೇಶನಿಷ್ಠೆಯ ಪ್ರತಿಜ್ಞೆ ಹೇಳಿಸಬೇಕೋ ಬೇಡವೋ ಅಂತ ಗಾಳಿಯಲ್ಲಿ ವಾದ ಮಾಡುವುದಕ್ಕಿಂತ ಈ ಒಂದು ಪ್ರಕರಣವನ್ನು ಪೂರ್ತಿ ನೋಡುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ.

ಊರು, ಅಂಗಡಿ, ತರಗತಿ

ಮೈನರ್ಸ್‌ವಿಲ್ ಪೆನ್ಸಿಲ್ವೇನಿಯಾದ ಒಂದು ಕಲ್ಲಿದ್ದಲು ಗಣಿ ಊರು. ಅಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ವಾಲ್ಟರ್ ಗೋಬಿಟಾಸ್ ಅಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅವರ ಮನೆಯವರು 'ಯೆಹೋವನ ಸಾಕ್ಷಿಗಳು' ಅನ್ನುವ ಪಂಗಡಕ್ಕೆ ಸೇರಿದವರು. ದೊಡ್ಡ ಮಗಳು ಲಿಲಿಯನ್‌ಗೆ ಹನ್ನೆರಡು, ಏಳನೇ ತರಗತಿ. ತಮ್ಮ ವಿಲಿಯಂಗೆ ಹತ್ತು, ಐದನೇ ತರಗತಿ. ಅವನನ್ನು ಎಲ್ಲರೂ ಬಿಲ್ಲಿ ಅನ್ನುತ್ತಿದ್ದರು.

ಈ ಪಂಗಡದವರ ವಾದ ತುಂಬಾ ಸರಳ. ಬೈಬಲಿನ ಹತ್ತು ಆಜ್ಞೆಗಳಲ್ಲಿ, ಯಾವ ಮೂರ್ತಿಗೂ ಅಡ್ಡಬೀಳಬೇಡ ಅಂತಿದೆ. ಬಾವುಟಕ್ಕೆ ವಂದಿಸುವುದೂ ಒಂದು ರೀತಿಯ ಪೂಜೆಯೇ, ಅದು ದೇವರಿಗೆ ಮಾತ್ರ ಸಲ್ಲಬೇಕು ಅನ್ನುತ್ತಿದ್ದರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಅವರ ಜನ ಹಿಟ್ಲರನಿಗೆ ಕೈ ಎತ್ತಲ್ಲ ಅಂದು ಜೈಲು, ಕ್ಯಾಂಪು ಸೇರುತ್ತಿದ್ದರು. ಅಮೆರಿಕದಲ್ಲಿ ಪಂಗಡದ ಮುಖಂಡ ಜೋಸೆಫ್ ರದರ್‌ಫೋರ್ಡ್ 1935ರಲ್ಲೇ ಈ ವಿಷಯ ಎತ್ತಿ ಮಾತಾಡಿದರು. ಮಸಾಚುಸೆಟ್ಸ್‌ನಲ್ಲಿ ಒಬ್ಬ ಹುಡುಗ ವಂದಿಸಲು ಒಪ್ಪದೆ ಸುದ್ದಿಯಾಗಿದ್ದ. ಇದೆಲ್ಲ ಈ ಮನೆಯ ಮಕ್ಕಳ ಕಿವಿಗೂ ಬಿದ್ದಿತ್ತು.

ಇಲ್ಲಿ ಆಗಿನ ವಂದನೆ ಹೇಗಿತ್ತು ಅಂತ ಹೇಳಬೇಕು. ಅಮೆರಿಕದ ಪ್ರತಿಜ್ಞೆ ಬರೆದವರು ಫ್ರಾನ್ಸಿಸ್ ಬೆಲಮಿ, 1892ರಲ್ಲಿ. ಕೊಲಂಬಸ್ ಬಂದು ನಾನೂರು ವರ್ಷ ಆದ ನೆನಪಿಗೆ ಒಂದು ಮಕ್ಕಳ ಪತ್ರಿಕೆ ಅದನ್ನು ಅಚ್ಚು ಹಾಕಿತು. ಆ ಪತ್ರಿಕೆ ಶಾಲೆಗಳಿಗೆ ಬಾವುಟವನ್ನೂ ಮಾರುತ್ತಿತ್ತು! ಬೆಲಮಿ ಬ್ಯಾಪ್ಟಿಸ್ಟ್ ಪಾದ್ರಿ, ಸಮಾಜವಾದಿ ಕೂಡ. ಅವರ ಮೂಲ ಪಠ್ಯದಲ್ಲಿ ದೇವರ ಹೆಸರಿರಲಿಲ್ಲ. ಅದು ಸೇರಿದ್ದು 1954ರಲ್ಲಿ. ಪ್ರತಿಜ್ಞೆ ಹೇಳುತ್ತಾ ಬಲಗೈಯನ್ನು ಬಾವುಟದ ಕಡೆಗೆ ನೇರ ಚಾಚಬೇಕಿತ್ತು. ಹೌದು, ನೋಡಿದರೆ ಥೇಟ್ ಹಿಟ್ಲರ್ ಸಲ್ಯೂಟಿನ ಹಾಗೆ. ಆ ಹೋಲಿಕೆ ಅಮೆರಿಕದವರಿಗೇ ಮುಜುಗರ ತಂದು, 1942ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಕೈಯನ್ನು ಎದೆಯ ಮೇಲೆ ಇಡುವಂತೆ ಬದಲಾಯಿಸಿತು. ನಮ್ಮ ಎಷ್ಟೋ ಶಾಲೆಗಳಲ್ಲಿ ಕೈ ಇನ್ನೂ ಮುಂದಕ್ಕೇ ಚಾಚುತ್ತದೆ. ಯಾಕೆ ಅಂತ ಯಾರೂ ಕೇಳಿದ ಹಾಗಿಲ್ಲ.

ಸರಿ, ಬಿಲ್ಲಿಯ ಕಥೆಗೆ ಬರೋಣ. ಅವನು ಕೈ ಎತ್ತದಿದ್ದಾಗ ಟೀಚರ್ ಹತ್ತಿರ ಬಂದು ತಾವೇ ಎತ್ತಿಸಲು ನೋಡಿದರು. ಅವನು ಪ್ಯಾಂಟಿನ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವರು ಎಳೆದರು, ಇವನು ಬಿಡಲಿಲ್ಲ. ಒಂದು ತರಗತಿ ತುಂಬಾ ಮಕ್ಕಳು ಕೈ ಚಾಚಿ 'ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ' ಅಂತ ಮುಗಿಸುವ ಹೊತ್ತಿಗೆ, ಅಲ್ಲೇ ಒಬ್ಬನ ಕೈ ಜೇಬಿನಿಂದ ಹೊರಗೆ ಎಳೆಯಲಾಗುತ್ತಿತ್ತು. ಮರುದಿನ ಲಿಲಿಯನ್ ಕೂಡ ತನ್ನ ತರಗತಿಯಲ್ಲಿ ವಂದಿಸಲಿಲ್ಲ.

ಆಮೇಲಿನ ಎರಡು ವಾರ ಎಲ್ಲ ತ್ರಿಶಂಕು. ಕಾರಣ, ಅಲ್ಲಿ ವಂದನೆ ಕಡ್ಡಾಯ ಅಂತ ಬರೆದಿಟ್ಟ ನಿಯಮವೇ ಇರಲಿಲ್ಲ. ಅದು ರೂಢಿ, ಅಷ್ಟೇ. ನವೆಂಬರ್ 5ರಂದು ಬಿಲ್ಲಿ ಶಾಲಾ ಮಂಡಳಿಗೆ ಕೈಬರಹದ ಪತ್ರ ಬರೆದ. ದೇವರ ಇಚ್ಛೆಯಂತೆ ನಡೆಯುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಅದಕ್ಕೇ ವಂದಿಸುವುದಿಲ್ಲ ಅಂದ. ದೇಶದ ಮೇಲೆ ಪ್ರೀತಿ ಇಲ್ಲ ಅಂತಲ್ಲ, ದೇಶವನ್ನು ಪ್ರೀತಿಸುತ್ತೇನೆ, ದೇವರನ್ನು ಇನ್ನೂ ಜಾಸ್ತಿ ಪ್ರೀತಿಸುತ್ತೇನೆ ಅಂತ ಸೇರಿಸಿದ. ಕೊನೆಗೆ 'ನಿಮ್ಮ ವಿದ್ಯಾರ್ಥಿ' ಅಂತ ಸಹಿ. ಮರುದಿನವೇ ಮಂಡಳಿ ನಿಯಮ ಮಾಡಿತು: ಬಾವುಟಕ್ಕೆ ವಂದಿಸದಿದ್ದರೆ ಅದು ಅವಿಧೇಯತೆ. ನಿಯಮ ಬಂದ ಬೆನ್ನಿಗೇ ಮಕ್ಕಳನ್ನು ಶಾಲೆಯಿಂದ ತೆಗೆದರು. ತಪ್ಪು ನಡೆದ ಮೇಲೆ ಕಾನೂನು ಹುಟ್ಟಿದ್ದು ನಿಮಗೂ ವಿಚಿತ್ರ ಅನ್ನಿಸಿತಲ್ವಾ?

ಅಪ್ಪನ ಅಂಗಡಿಗೆ ಬಹಿಷ್ಕಾರದ ಬಿಸಿ ತಟ್ಟಿತು. ಮಕ್ಕಳು ದೂರದ ಹಳ್ಳಿಗಾಡಿನಲ್ಲಿ ತಮ್ಮ ಪಂಗಡದವರೇ ನಡೆಸುತ್ತಿದ್ದ ಪುಟ್ಟ ಶಾಲೆಗೆ ಹೋಗಬೇಕಾಯಿತು. ವಾಲ್ಟರ್ ಕೋರ್ಟಿಗೆ ಹೋದರು. ಕೋರ್ಟಿನ ಕಾಗದಗಳಲ್ಲಿ ಅವರ ಮನೆತನದ ಹೆಸರು 'ಗೋಬಿಟಿಸ್' ಆಗಿಬಿಟ್ಟಿತು. ಯಾರೋ ಮಾಡಿದ ಕಾಗುಣಿತದ ತಪ್ಪು ಇವತ್ತಿಗೂ ಕಾನೂನು ಪುಸ್ತಕಗಳಲ್ಲಿ ಹಾಗೇ ಉಳಿದಿದೆ.

ಸೋತ ತೀರ್ಪು

ಕೆಳಗಿನ ಎರಡು ಕೋರ್ಟ್‌ಗಳಲ್ಲಿ ಮಕ್ಕಳು ಗೆದ್ದರು. ಮಂಡಳಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 1940ರ ಜೂನ್ 3ರಂದು ತೀರ್ಪು ಬಂತು. ಎಂಟು ನ್ಯಾಯಮೂರ್ತಿಗಳು ಮಂಡಳಿಯ ಪರ, ಒಬ್ಬರು ಮಾತ್ರ ಮಕ್ಕಳ ಪರ.

ದಿನಾಂಕ ನೋಡಿ. ಆ ವಾರ ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಬ್ರಿಟಿಷ್ ಸೈನಿಕರು ಹಿಟ್ಲರನ ಸೇನೆಯ ಕೈಗೆ ಸಿಗದೆ ಹಡಗು ಹತ್ತಿ ತಪ್ಪಿಸಿಕೊಳ್ಳುತ್ತಿದ್ದರು. ಫ್ರಾನ್ಸ್ ಬೀಳುವುದರಲ್ಲಿತ್ತು. ತೀರ್ಪು ಬರೆದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ಹನ್ನೆರಡನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದವರು. ಹೊರಗಿನಿಂದ ಬಂದ ಹುಡುಗನನ್ನು ಒಳಗಿನವನನ್ನಾಗಿ ಮಾಡಿದ್ದು ಅಮೆರಿಕದ ಸರ್ಕಾರಿ ಶಾಲೆ. ದೇಶದ ಭದ್ರತೆ ನಿಂತಿರುವುದು ಒಗ್ಗಟ್ಟಿನ ಮೇಲೆ, ಬಾವುಟ ಆ ಒಗ್ಗಟ್ಟಿನ ಗುರುತು ಅಂತ ಅವರು ಬರೆದಾಗ ಅದು ಬರೀ ಮಾತಾಗಿರಲಿಲ್ಲ, ಸ್ವಂತ ಅನುಭವವೂ ಆಗಿತ್ತು ಅನ್ನಿಸುತ್ತದೆ. ಅವರ ಇನ್ನೊಂದು ವಾದ ಇನ್ನೂ ಗಟ್ಟಿ. ಮಕ್ಕಳಲ್ಲಿ ದೇಶಪ್ರೇಮ ಬೆಳೆಸುವುದು ಹೇಗೆ ಅಂತ ತೀರ್ಮಾನಿಸಬೇಕಾದವರು ಜನ ಆರಿಸಿದ ಮಂಡಳಿಗಳು, ಜಡ್ಜುಗಳಲ್ಲ. ನಿಯಮ ಪೆದ್ದುತನದ್ದಾದರೆ ಊರಿನವರ ಮನಸ್ಸು ಒಲಿಸಿ ಬದಲಾಯಿಸಿ.

ಈ ವಾದವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ನಮ್ಮಲ್ಲೂ ಎಲ್ಲದಕ್ಕೂ ಕೋರ್ಟಿಗೆ ಓಡುವುದು ಸರಿಯಾ ಅಂತ ನಾವೇ ಎಷ್ಟು ಸಲ ಗೊಣಗಿಲ್ಲ? ಆದರೆ ಮೈನರ್ಸ್‌ವಿಲ್‌ನಲ್ಲಿ ಯೆಹೋವನ ಸಾಕ್ಷಿಗಳು ಬೆರಳೆಣಿಕೆಯಷ್ಟು. ಅವರು ಮನೆಮನೆಗೆ ಬಂದು ಧರ್ಮಪ್ರಚಾರ ಮಾಡುವುದೇ ಊರಿಗೆ ತಲೆನೋವಾಗಿತ್ತು. ಅವರು ಯಾವ ಚುನಾವಣೆಯಲ್ಲಿ ಯಾರ ಮನಸ್ಸು ಒಲಿಸಬೇಕಿತ್ತು?

ಒಬ್ಬರೇ ಭಿನ್ನಮತ ಬರೆದವರು ಹಾರ್ಲನ್ ಸ್ಟೋನ್. ಮಕ್ಕಳಿಗೆ ಇಲ್ಲದ ಭಾವನೆಯನ್ನು ಅವರ ಬಾಯಿಂದ ಬಲವಂತವಾಗಿ ಹೇಳಿಸುವುದು ಸಂವಿಧಾನ ಕೊಟ್ಟ ಮನಸ್ಸಿನ ಸ್ವಾತಂತ್ರ್ಯಕ್ಕೇ ವಿರುದ್ಧ ಅಂದರು.

ತೀರ್ಪಿನ ನಂತರ ಆದದ್ದು ಭಯಂಕರ. ಸುಪ್ರೀಂ ಕೋರ್ಟೇ ಇವರು ದೇಶದ್ರೋಹಿಗಳು ಅಂದಿದೆ ಅಂತ ಜನ ತಿಳಿದುಕೊಂಡರು. ಕೋರ್ಟ್ ಹಾಗೆ ಅಂದಿರಲೇ ಇಲ್ಲ. ಒಂದು ವಾರ ಕಳೆಯುವುದರೊಳಗೆ ಮೇನ್ ರಾಜ್ಯದ ಕೆನಬಂಕ್‌ನಲ್ಲಿ ಅವರ ಸಭಾಭವನಕ್ಕೆ ಬೆಂಕಿ ಬಿತ್ತು. ವೆಸ್ಟ್ ವರ್ಜೀನಿಯಾದ ರಿಚ್‌ವುಡ್‌ನಲ್ಲಿ ಡೆಪ್ಯುಟಿ ಶೆರೀಫನೇ ಮುಂದೆ ನಿಂತು ಕೆಲವರಿಗೆ ಹರಳೆಣ್ಣೆ ಕುಡಿಸಿ, ಹಗ್ಗ ಕಟ್ಟಿ ಬೀದಿಯಲ್ಲಿ ನಡೆಸಿದ. ಆ ವರ್ಷ ಮೇ ತಿಂಗಳಿಂದ ಅಕ್ಟೋಬರ್ ತನಕ 335 ಊರುಗಳಲ್ಲಿ ಸುಮಾರು 1,500 ಜನರ ಮೇಲೆ ದಾಳಿ ಆಯಿತು ಅಂತ ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟ ಲೆಕ್ಕ ಕೊಟ್ಟಿತು. ಶಾಂತವಾಗಿರಿ ಅಂತ ಅಧ್ಯಕ್ಷರ ಪತ್ನಿ ಎಲೀನರ್ ರೂಸ್ವೆಲ್ಟ್ ಜನರನ್ನು ಕೇಳಿಕೊಳ್ಳಬೇಕಾಯಿತು. ಶಾಲೆಯಿಂದ ಹೊರಬಿದ್ದ ಮಕ್ಕಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸುಮಾರು 2,000ಕ್ಕೆ ಏರಿತು.

ಕೋರ್ಟ್ ಮನಸ್ಸು ಬದಲಾಯಿಸಿದ್ದು

ಈ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸುವ ಭಾಗ ಇದು. 1942ರ ಜೂನ್‌ನಲ್ಲಿ, ಬೇರೆ ಯಾವುದೋ ಮೊಕದ್ದಮೆಯ ತೀರ್ಪಿನಲ್ಲಿ, ಹ್ಯೂಗೋ ಬ್ಲ್ಯಾಕ್, ವಿಲಿಯಂ ಡಗ್ಲಸ್, ಫ್ರಾಂಕ್ ಮರ್ಫಿ ಅನ್ನುವ ಮೂವರು ನ್ಯಾಯಮೂರ್ತಿಗಳು, ಗೋಬಿಟಿಸ್ ಪ್ರಕರಣದಲ್ಲಿ ನಾವು ತಪ್ಪು ತೀರ್ಪಿಗೆ ಸೇರಿಕೊಂಡೆವು ಅಂತ ಬರೆದರು. ಯಾರೂ ಕೇಳದೆ, ತಾವಾಗಿಯೇ, ಎಲ್ಲರೂ ಓದುವ ಹಾಗೆ. ದೊಡ್ಡ ಕುರ್ಚಿಯಲ್ಲಿ ಕೂತವರು ಹೀಗೆ ಅಂದದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಅಷ್ಟರಲ್ಲಿ ಪರ್ಲ್ ಹಾರ್ಬರ್ ದಾಳಿ ಆಗಿ ಅಮೆರಿಕವೇ ಯುದ್ಧಕ್ಕಿಳಿದಿತ್ತು. ದಾಳಿಯಾದ ಒಂದು ತಿಂಗಳಿಗೆ, 1942ರ ಜನವರಿಯಲ್ಲಿ, ವೆಸ್ಟ್ ವರ್ಜೀನಿಯಾ ಶಿಕ್ಷಣ ಮಂಡಳಿ ವಂದನೆಯನ್ನು ಕಡ್ಡಾಯ ಮಾಡಿತು. ಗೇಥಿ ಮತ್ತು ಮರೀ ಬಾರ್ನೆಟ್ ಅನ್ನುವ ಅಕ್ಕತಂಗಿಯರು ಒಪ್ಪಲಿಲ್ಲ. ನಿಯಮದ ಕುಣಿಕೆ ಹೀಗಿತ್ತು: ವಂದಿಸದಿದ್ದರೆ ಶಾಲೆಯಿಂದ ಹೊರಗೆ. ಹೊರಹಾಕಿದ ಮಗು ಶಾಲೆಗೆ ಬರುತ್ತಿಲ್ಲವಾದ್ದರಿಂದ ಕಾನೂನು ಪ್ರಕಾರ ಗೈರುಹಾಜರಿ. ಗೈರಾದರೆ ಅಪ್ಪ ಅಮ್ಮನಿಗೆ 50 ಡಾಲರ್ ತನಕ ದಂಡ, 30 ದಿನದ ತನಕ ಜೈಲು. ನೀವೇ ಬಾಗಿಲು ಹಾಕಿ, ಒಳಗೆ ಯಾಕೆ ಬರಲಿಲ್ಲ ಅಂತ ನೀವೇ ದಂಡ ಹಾಕುವುದು!

ಈ ಸಲ ತೀರ್ಪು 1943ರ ಜೂನ್ 14ರಂದು ಬಂತು. ಅವತ್ತು ಅಮೆರಿಕದಲ್ಲಿ ಬಾವುಟದ ದಿನ. ಆರು ಜನ ಮಕ್ಕಳ ಪರ, ಮೂವರು ವಿರೋಧ. ಕಾಗದದಲ್ಲಿ ಈ ಮನೆತನದ ಹೆಸರೂ ತಪ್ಪಾಗಿ ದಾಖಲಾಯಿತು, ಕೊನೆಗೆ ಒಂದು ಅಕ್ಷರ ಜಾಸ್ತಿ. ಹಕ್ಕು ಕೊಡುವಾಗಲೂ ಹೆಸರು ಸರಿಯಾಗಿ ಬರೆಯಲು ಬರಲಿಲ್ಲ ನೋಡಿ.

ತೀರ್ಪು ಬರೆದವರು ರಾಬರ್ಟ್ ಜಾಕ್ಸನ್. ಎರಡು ವರ್ಷದ ನಂತರ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿರುದ್ಧ ಅಮೆರಿಕದ ಪರ ವಾದ ಮಂಡಿಸಿದವರು ಇವರೇ. ಅಭಿಪ್ರಾಯಗಳನ್ನು ಬಲವಂತದಿಂದ ಒಂದು ಮಾಡಲು ಹೊರಟರೆ ಸಿಗುವುದು ಸ್ಮಶಾನದ ಏಕಮತ ಮಾತ್ರ ಅಂದರು. ರಾಜಕೀಯದಲ್ಲಾಗಲಿ, ದೇಶಪ್ರೇಮದಲ್ಲಾಗಲಿ, ಧರ್ಮದಲ್ಲಾಗಲಿ ಸರಿಯಾದ ನಂಬಿಕೆ ಇದೇ ಅಂತ ದೊಡ್ಡ ಅಧಿಕಾರಿಯೂ ಕಟ್ಟುಮಾಡುವ ಹಾಗಿಲ್ಲ, ಸಣ್ಣ ಅಧಿಕಾರಿಯೂ ಮಾಡುವ ಹಾಗಿಲ್ಲ ಅಂದರು. ಫ್ರಾಂಕ್‌ಫರ್ಟರ್ ಹೇಳಿದ್ದ ಊರಿನವರನ್ನು ಒಲಿಸುವ ಮಾತಿಗೂ ಅವರಲ್ಲಿ ಉತ್ತರ ಇತ್ತು. ಮೂಲಭೂತ ಹಕ್ಕುಗಳನ್ನು ಮತಕ್ಕೆ ಹಾಕುವಂತಿಲ್ಲ, ಅವು ಯಾವ ಚುನಾವಣೆಯ ಫಲಿತಾಂಶವನ್ನೂ ನೆಚ್ಚಿಕೊಂಡಿಲ್ಲ.

ಒಂದು ಸೂಕ್ಷ್ಮ ಇದೆ. ಜಾಕ್ಸನ್ ಇದನ್ನು ಬರೀ ಧರ್ಮದ ಹಕ್ಕಾಗಿ ನೋಡಲಿಲ್ಲ, ಮಾತಿನ ಹಕ್ಕಾಗಿ ನೋಡಿದರು. ಮಾತಾಡುವ ಸ್ವಾತಂತ್ರ್ಯ ಇದ್ದ ಮೇಲೆ, ನಂಬದ್ದನ್ನು ಆಡದೇ ಇರುವ ಸ್ವಾತಂತ್ರ್ಯವೂ ಇರಬೇಕು. ಹಾಗಾಗಿ ದೇವರನ್ನು ನಂಬುವ ಮಗುವಿಗೆ ಸಿಕ್ಕ ರಕ್ಷಣೆ ದೇವರನ್ನು ನಂಬದ ಮಗುವಿಗೂ ಸಿಕ್ಕಿತು. ತಪ್ಪೊಪ್ಪಿಕೊಂಡಿದ್ದ ಬ್ಲ್ಯಾಕ್ ಮತ್ತು ಡಗ್ಲಸ್ ಬೇರೆಯಾಗಿ ನಾಲ್ಕು ಮಾತು ಬರೆದರು. ಬಲವಂತಕ್ಕೆ ಆಡಿದ ಮಾತು ಸ್ವಾರ್ಥದ ಮೇಲಿನ ನಿಷ್ಠೆಯೊಂದನ್ನು ಬಿಟ್ಟು ಬೇರೆ ಯಾವ ನಿಷ್ಠೆಯನ್ನೂ ತೋರಿಸುವುದಿಲ್ಲ ಅಂದರು. ಇಡೀ ಪ್ರಕರಣದಲ್ಲಿ ನನಗೆ ಮನಸ್ಸಿಗೆ ನಾಟಿದ ವಾಕ್ಯ ಇದು. ಶಾಲೆಯಿಂದ ತೆಗೆಯುತ್ತೇವೆ ಅಂತ ಹೆದರಿಸಿ ಹೇಳಿಸಿದರೆ, ಆ ಮಗು ದೇಶವನ್ನು ಪ್ರೀತಿಸುತ್ತದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಶಾಲೆ ಬೇಕು ಅಂತ ಗೊತ್ತಾಗುತ್ತದೆ.

ಫ್ರಾಂಕ್‌ಫರ್ಟರ್ ಬಗ್ಗಲಿಲ್ಲ. ಚರಿತ್ರೆಯಲ್ಲಿ ಎಲ್ಲರಿಗಿಂತ ಜಾಸ್ತಿ ಹಿಂಸೆ ಅನುಭವಿಸಿದ ಅಲ್ಪಸಂಖ್ಯಾತರಲ್ಲಿ ನಾನೂ ಒಬ್ಬ, ಸ್ವಾತಂತ್ರ್ಯದ ಬೆಲೆ ನನಗೆ ಗೊತ್ತಿಲ್ಲದೇನಿಲ್ಲ ಅನ್ನುವ ಅರ್ಥದ ಮಾತಿನಿಂದಲೇ ತಮ್ಮ ಭಿನ್ನಮತ ಶುರು ಮಾಡಿದರು. ಓದಿದರೆ ಪಾಪ ಅನ್ನಿಸುತ್ತದೆ. ಆದರೂ ಅವರ ಕಡೆ ನಿಲ್ಲಲು ನನಗೆ ಮನಸ್ಸಾಗುವುದಿಲ್ಲ.

ಮೈನರ್ಸ್‌ವಿಲ್‌ನ ಆ ಇಬ್ಬರಿಗೆ ಈ ಗೆಲುವು ತಡವಾಗಿ ಬಂತು. ಲಿಲಿಯನ್‌ಗೆ ಆಗ ಇಪ್ಪತ್ತು ಹತ್ತಿರ. ವಾಪಸ್ ಹೋಗಲು ಶಾಲೆಯ ವಯಸ್ಸೇ ದಾಟಿತ್ತು.

ಮಗುವಿನದ್ದೋ, ಮನೆಯದ್ದೋ

ಹತ್ತು ವರ್ಷದ ಹುಡುಗನಿಗೆ ಏನು ಗೊತ್ತು, ಮನೆಯಲ್ಲಿ ಹೇಳಿಕೊಟ್ಟದ್ದನ್ನು ಮಾಡಿದ್ದಾನೆ ಅಂತ ಆಗಲೂ ಅಂದರು, ಈಗಲೂ ಅನ್ನಬಹುದು. ಇದು ನಿಜವಾಗಿ ಬಿಡಿಸಲಾಗದ ಗಂಟು. ಇವತ್ತಿಗೂ ಅಮೆರಿಕದ ಕೋರ್ಟ್‌ಗಳು ಇದರಲ್ಲಿ ಎಡವುತ್ತವೆ. ಫ್ಲೋರಿಡಾದಲ್ಲಿ ಪ್ರತಿಜ್ಞೆ ಹೇಳದಿರಲು ಪಾಲಕರ ಒಪ್ಪಿಗೆ ಪತ್ರ ಬೇಕು ಅನ್ನುವ ಕಾನೂನನ್ನು 2008ರಲ್ಲಿ ಒಂದು ಮೇಲ್ಮನವಿ ಕೋರ್ಟ್ ಎತ್ತಿಹಿಡಿಯಿತು. ಅಂದರೆ ಹಕ್ಕು ಮಗುವಿನದ್ದಾ, ಅಪ್ಪ ಅಮ್ಮನದ್ದಾ? ನನ್ನ ಮಟ್ಟಿಗೆ ಹೇಳುವುದಾದರೆ, ಹೇಳಿಕೊಟ್ಟದ್ದನ್ನು ಒಪ್ಪಿಸುವುದೇ ತಪ್ಪಾದರೆ, ಕೈ ಚಾಚಿ ನಿಂತ ಉಳಿದ ಮಕ್ಕಳದ್ದೂ ಅದೇ ಕಥೆ. ಬಿಲ್ಲಿ ಪತ್ರ ಬರೆದು ಕಾರಣವನ್ನಾದರೂ ಕೊಟ್ಟ. ನಾವು ಯಾರೂ ಯಾವ ಕಾರಣವನ್ನೂ ಕೊಟ್ಟವರಲ್ಲ.

ಕೇರಳದ ಕಡೆಗೆ

1985ರ ಜುಲೈನಲ್ಲಿ ಕೋಟಯಂ ಜಿಲ್ಲೆಯ ಒಂದು ಶಾಲೆಯಲ್ಲಿ ಇದೇ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡುತ್ತಿಲ್ಲ ಅಂತ ಒಬ್ಬ ಶಾಸಕರು ವಿಧಾನಸಭೆಯಲ್ಲಿ ವಿಷಯ ಎತ್ತಿದರು. ಆ ಮಕ್ಕಳು ಹತ್ತು, ಒಂಬತ್ತು, ಐದನೇ ತರಗತಿಯಲ್ಲಿದ್ದರು. ಗೀತೆ ಶುರುವಾದಾಗ ಎದ್ದು ನಿಲ್ಲುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ವಿಚಾರಣೆಗೆ ಬಂದ ಸಮಿತಿಯೇ ಮಕ್ಕಳು ಅಗೌರವ ತೋರಿಸಿಲ್ಲ ಅಂತ ವರದಿ ಕೊಟ್ಟಿತು. ಆದರೂ ಅಧಿಕಾರಿಗಳ ಸೂಚನೆ ಮೇರೆಗೆ ಅವರನ್ನು ಹೊರಹಾಕಲಾಯಿತು. ಕೇರಳ ಹೈಕೋರ್ಟ್ ರಾಷ್ಟ್ರಗೀತೆಯ ಒಂದೊಂದು ಪದವನ್ನೂ ನೋಡಿ, ಇದರಲ್ಲಿ ಯಾರ ಧರ್ಮಕ್ಕೂ ನೋವಾಗುವಂಥದ್ದು ಇಲ್ಲ ಅಂದುಬಿಟ್ಟಿತು.

1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ತ ಅದನ್ನು ತಿರುವಿಹಾಕಿದರು. ಪದಗಳಲ್ಲಿ ಏನಿದೆ ಅನ್ನುವುದು ಪ್ರಶ್ನೆ ಅಲ್ಲ. ಆ ನಂಬಿಕೆ ನಮಗೆ ಸರಿ ಅನ್ನಿಸುತ್ತದೋ ಇಲ್ಲವೋ ಅನ್ನುವುದೂ ಅಲ್ಲ. ಅವರು ಅದನ್ನು ಮನಃಪೂರ್ವಕವಾಗಿ ನಂಬಿದ್ದಾರೋ, ಅದಷ್ಟೇ ಮುಖ್ಯ ಅಂದರು. ಗೋಬಿಟಿಸ್, ಬಾರ್ನೆಟ್ ಎರಡೂ ತೀರ್ಪುಗಳು ಅದರಲ್ಲಿ ಚರ್ಚೆಗೆ ಬಂದಿವೆ. ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಆದೇಶವಾಯಿತು. ಸಹನೆಯನ್ನು ನಮ್ಮ ಪರಂಪರೆ ಕಲಿಸುತ್ತದೆ, ನಮ್ಮ ಸಂವಿಧಾನ ಪಾಲಿಸುತ್ತದೆ, ಅದನ್ನು ತೆಳುವಾಗಿಸುವುದು ಬೇಡ ಅನ್ನುವ ಅದರ ಕೊನೆಯ ಮಾತನ್ನು ಇವತ್ತಿಗೂ ವಕೀಲರು ಉಲ್ಲೇಖಿಸುತ್ತಾರೆ.

ಇನ್ನು ನಮ್ಮ ಪ್ರತಿಜ್ಞೆ. ಅದನ್ನು ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್, ತೆಲುಗು ಲೇಖಕರು. ಬರೆದದ್ದು 1962ರಲ್ಲಿ, ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ. ಚೀನಾ ಯುದ್ಧದ ವರ್ಷ ಅದು. 1964ರ ಅಕ್ಟೋಬರ್‌ನಲ್ಲಿ ಆಗಿನ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಸಭೆ ಸೇರಿ, ಎಲ್ಲ ಶಾಲೆಗಳಲ್ಲೂ ಪ್ರತಿಜ್ಞೆ ಹೇಳಿಸಬೇಕು ಅಂತ ಸಲಹೆ ಮಾಡಿತು. ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2023ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವುದನ್ನೂ ಕಡ್ಡಾಯ ಮಾಡಿತು. ಪೀಠಿಕೆ ನನಗೆ ಪ್ರತಿಜ್ಞೆಗಿಂತ ಇಷ್ಟ. ಆದರೆ ನಂಬಿಕೆಯ ಸ್ವಾತಂತ್ರ್ಯ ಅದರೊಳಗೇ ಇದೆ. ಓದದ ಮಗುವಿಗೆ ಬೆತ್ತ ತೋರಿಸಿದರೆ ಆ ಸಾಲು ಹೇಗೆ ಓದಿಸುತ್ತೀರಿ?

ನಾನು ಪ್ರತಿಜ್ಞೆ ಬೇಡ ಅನ್ನುವವನಲ್ಲ. ಬಾರ್ನೆಟ್ ತೀರ್ಪಿನ ನಂತರವೂ ಅಮೆರಿಕದ ಶಾಲೆಗಳಲ್ಲಿ ಪ್ರತಿಜ್ಞೆ ನಡೆದೇ ಇದೆ, ಆ ದೇಶ ಒಡೆದುಹೋಗಲಿಲ್ಲ. ಮಕ್ಕಳು ಹೇಳಲಿ. ವರ್ಷಕ್ಕೊಂದು ಸಲವಾದರೂ ಕೈ ಇಳಿಸಿ, ಕೂರಿಸಿ, ಸಾಲಿನ ಅರ್ಥ ಹೇಳಿಕೊಡಲಿ. ಸುಮ್ಮನೆ ನಿಂತ ಮಗು ಇದ್ದರೆ ಅದನ್ನು ಸುಮ್ಮನೆ ನಿಲ್ಲಲು ಬಿಡಲಿ.

ಮೈನರ್ಸ್‌ವಿಲ್‌ನ ಒಂದು ವಿಷಯ ಹೇಳುವುದು ಬಿಟ್ಟಿದ್ದೆ. ಜೇಬಿನಿಂದ ಕೈ ಎಳೆದ ಟೀಚರ್ ಇದ್ದ ಆ ಊರಲ್ಲೇ ಇನ್ನೊಬ್ಬ ಟೀಚರ್ ಇದ್ದರು. ತಮ್ಮನಿಗೆ ಆದದ್ದು ಗೊತ್ತಿದ್ದ ಲಿಲಿಯನ್ ಹೆದರಿಕೊಂಡೇ ಅವರ ಹತ್ತಿರ ಹೋಗಿ, ನಾನು ಯಾಕೆ ವಂದಿಸುವುದಿಲ್ಲ ಅಂತ ವಿವರಿಸಿದಳು. ಅವರು ಪೂರ್ತಿ ಕೇಳಿಸಿಕೊಂಡು ಅವಳನ್ನು ತಬ್ಬಿಕೊಂಡರು, ನಿನ್ನ ಧೈರ್ಯ ಮೆಚ್ಚಿದೆ ಅಂದರು. ಎಷ್ಟೋ ವರ್ಷಗಳ ನಂತರ ಲಿಲಿಯನ್ನೇ ಇದನ್ನು ನೆನಪಿಸಿಕೊಂಡರು. ಮಂಡಳಿ ಸಭೆ ಸೇರಿ ನಿಯಮ ಮಾಡಲು ಆಗಿನ್ನೂ ಎರಡು ವಾರ ಇತ್ತು.